ಮೂರು ಕಾಲು, ಎರಡಕ್ಷರ: ಎಸ್‌ಎಂಡಿ ಟ್ರಾನ್ಸಿಸ್ಟರಿನ ಗುರುತು ಹಿಡಿಯುವ ಬಗೆ

ತುಮಕೂರು ತಾಲೂಕಿನ ಕೋರ ಹೋಬಳಿಯಿಂದ ಹಿಡಿದು ಗುಬ್ಬಿ, ಕುಣಿಗಲ್ ತಾಲೂಕುಗಳವರೆಗೆ ಅಡಿಕೆ ಮತ್ತು ತೆಂಗಿನ ತೋಟಗಳಿಗೆ ನೀರುಣಿಸುವ ಕೊಳವೆ ಬಾವಿಗಳ ಬದಿಯಲ್ಲಿ ಇಂದು ಕಾಣುವ ಸ್ಟಾರ್ಟರ್ ಪೆಟ್ಟಿಗೆ ಹಿಂದಿನ ತಲೆಮಾರಿನ ಪೆಟ್ಟಿಗೆಯಲ್ಲ. ತ್ರೀ ಫೇಸ್ ವಿದ್ಯುತ್ತು ದಿನದ ಕೆಲವು ಗಂಟೆ ಮಾತ್ರ, ಅದೂ ಪಾಳಿಯ ಮೇಲೆ, ಎಷ್ಟೋ ಸಲ ನಡುರಾತ್ರಿಯಲ್ಲಿ ಬರುವುದರಿಂದ, ಕರೆಂಟು ಬಂದ ಕೂಡಲೇ ಮೋಟಾರನ್ನು ತಾನಾಗಿ ಚಾಲೂ ಮಾಡುವ ಆಟೊ ಸ್ವಿಚ್ಚೂ, ಮನೆಯಲ್ಲಿ ಕುಳಿತೇ ಫೋನಿನಿಂದ ಮೋಟಾರು ಹಾಕಲು ನೆರವಾಗುವ ಸಿಮ್ ಕಾರ್ಡಿನ ಮೊಬೈಲ್ ಸ್ಟಾರ್ಟರೂ ಆ ಪೆಟ್ಟಿಗೆಯೊಳಗೆ ಸೇರಿಕೊಂಡಿವೆ. ಹಾಲು ಉತ್ಪಾದಕರ ಸಹಕಾರ ಸಂಘದ ಎಲೆಕ್ಟ್ರಾನಿಕ್ ತಕ್ಕಡಿ, ದಿನಸಿ ಅಂಗಡಿಯ ತೂಕದ ಯಂತ್ರ, ಮನೆಯ ಯುಪಿಎಸ್, ಬೀದಿಯ ಎಲ್‌ಇಡಿ ದೀಪ, ಇವೆಲ್ಲದರ ಒಳಗೂ ಒಂದು ಮುದ್ರಿತ ಫಲಕವಿದ್ದು, ರಿಪೇರಿಯವರ ಮಾತಿನಲ್ಲಿ ಬೋರ್ಡು ಎನಿಸಿಕೊಳ್ಳುವ ಆ ಫಲಕದ ಮೇಲೆ ತಾಮ್ರದ ಗೆರೆಗಳ ನಡುವೆ ಹತ್ತಾರು ಪುಟ್ಟ ಬಿಡಿಭಾಗಗಳು ಬೆಸುಗೆಗೊಂಡಿರುತ್ತವೆ.

ಸಿಡಿಲು, ವೋಲ್ಟೇಜಿನ ಏರಿಳಿತ, ಪೆಟ್ಟಿಗೆಯೊಳಗೆ ಸೇರುವ ತೇವ ಮತ್ತು ಇರುವೆ, ಇವುಗಳಲ್ಲೊಂದರಿಂದ ಬೋರ್ಡು ಕೆಟ್ಟು ರಿಪೇರಿ ಅಂಗಡಿಯ ಮೇಜಿಗೆ ಬಂದಾಗ ದೊಡ್ಡ ಭಾಗಗಳು ಹೆಚ್ಚು ತೊಂದರೆ ಕೊಡುವುದಿಲ್ಲ. ರಿಲೇಯ ಮೇಲೆ ಅದರ ವೋಲ್ಟೇಜು, ಕೆಪಾಸಿಟರಿನ ಮೇಲೆ ಅದರ ಮೌಲ್ಯ, ಐಸಿಯ ಮೇಲೆ ಅದರ ಪೂರ್ಣ ಸಂಖ್ಯೆ ಅಚ್ಚಾಗಿರುತ್ತದೆ. ತೊಡಕು ಹುಟ್ಟುವುದು ಅಕ್ಕಿಕಾಳಿನ ಅರ್ಧದಷ್ಟಿರುವ, ಒಂದು ಬದಿಯಲ್ಲಿ ಎರಡು ಮತ್ತು ಎದುರು ಬದಿಯಲ್ಲಿ ಒಂದು ಕಾಲುಳ್ಳ ಕಪ್ಪು ಭಾಗದ ಮುಂದೆ. ಅದರ ಬೆನ್ನ ಮೇಲೆ ‘1ಎ’, ‘ಜೆ3ವೈ’, ‘702’ ಎಂಬಂಥ ಎರಡು ಮೂರು ಅಕ್ಷರಗಳ ಹೊರತು ಮತ್ತೇನೂ ಇರುವುದಿಲ್ಲ. ಆ ಅಕ್ಷರಗಳನ್ನು ಭಾಗದ ಹೆಸರೆಂದು ತಿಳಿದು ಹೊರಟವರು ಅಂಗಡಿಯಿಂದ ಅಂಗಡಿಗೆ ಅಲೆದು ಕೊನೆಗೆ ತಪ್ಪು ಭಾಗವನ್ನು ತಂದು ಕೂರಿಸುವುದುಂಟು. ಆ ಗುರುತು ಪ್ರತಿಯೊಬ್ಬ ತಯಾರಕರೂ ತಮ್ಮ ಅನುಕೂಲಕ್ಕೆ ತಕ್ಕಂತೆ ಹಾಕಿಕೊಂಡದ್ದು. ಹಾಗಾಗಿ ಪತ್ತೆಯ ಕೆಲಸ ಅಕ್ಷರದಿಂದ ಆರಂಭವಾದರೂ, ಆ ಭಾಗ ಬೋರ್ಡಿನಲ್ಲಿ ಎಲ್ಲಿ ಕುಳಿತಿದೆ ಮತ್ತು ಯಾವ ಕೆಲಸ ಮಾಡುತ್ತಿದೆ ಎಂಬುದರಿಂದಲೇ ಅದು ತೀರ್ಮಾನವಾಗಬೇಕು.

ಟ್ರಾನ್ಸಿಸ್ಟರ್ ಎಂದರೆ ಸಣ್ಣ ಸಂಕೇತವೊಂದರಿಂದ ದೊಡ್ಡ ವಿದ್ಯುತ್ ಪ್ರವಾಹವನ್ನು ಹಿಡಿತದಲ್ಲಿಡುವ ಅರೆವಾಹಕ ಸಾಧನ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದು ಮೊದಲು ಕೆಲಸ ಮಾಡಿ ತೋರಿಸಿದ ಹದಿನೈದೇ ವರ್ಷಗಳಲ್ಲಿ ಕರ್ನಾಟಕ ಅದರ ತಯಾರಿಕೆಗೆ ಕೈಹಾಕಿತ್ತು: 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ಉತ್ಪಾದನೆಯನ್ನು ಆರಂಭಿಸಿತು. ಅಂದಿನಿಂದ ಮೂರು ನಾಲ್ಕು ದಶಕಗಳ ಕಾಲ ರೇಡಿಯೊ ರಿಪೇರಿ ಕಲಿತವರಿಗೂ, ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಓದಿದವರಿಗೂ ಬಿಸಿ 107, ಬಿಸಿ 148, ಎಸ್‌ಎಲ್ 100, ಎಸ್‌ಕೆ 100 ಎಂಬ ಹೆಸರುಗಳು ಮನೆಮಾತಾಗಿದ್ದವು. ಆ ಟ್ರಾನ್ಸಿಸ್ಟರ್‌ಗಳ ಮೈಮೇಲೆ ಪೂರ್ಣ ಹೆಸರು ಅಚ್ಚಾಗಿರುತ್ತಿತ್ತು. ಹೆಸರಿಗೂ ಒಂದು ಕ್ರಮವಿತ್ತು. ಅಮೆರಿಕದ ಪದ್ಧತಿಯಲ್ಲಿ ‘2ಎನ್’, ಜಪಾನಿನ ಪದ್ಧತಿಯಲ್ಲಿ ‘2ಎಸ್’ ಎಂದು ಹೆಸರು ಮೊದಲಾದರೆ, 1966ರಲ್ಲಿ ಬ್ರಸೆಲ್ಸ್‌ನಲ್ಲಿ ಸ್ಥಾಪನೆಯಾದ ಪ್ರೊ ಎಲೆಕ್ಟ್ರಾನ್ ಎಂಬ ಐರೋಪ್ಯ ನೋಂದಣಿ ಸಂಸ್ಥೆಯ ಪದ್ಧತಿಯಲ್ಲಿ ಮೊದಲ ಅಕ್ಷರ ಮೂಲದ್ರವ್ಯವನ್ನೂ ಎರಡನೆಯದು ಬಳಕೆಯನ್ನೂ ಸೂಚಿಸುತ್ತಿತ್ತು. ‘ಎ’ ಇದ್ದರೆ ಜರ್ಮೇನಿಯಂ, ‘ಬಿ’ ಇದ್ದರೆ ಸಿಲಿಕಾನ್; ಅದರ ಮುಂದೆ ‘ಸಿ’ ಬಂದರೆ ಧ್ವನಿ ಆವರ್ತನದ ಕಡಿಮೆ ಶಕ್ತಿಯ ಟ್ರಾನ್ಸಿಸ್ಟರ್.

ಈ ಹಳೆಯ ಹೆಸರುಗಳನ್ನು ಇಲ್ಲಿ ನೆನೆಯಲು ಕಾರಣವಿದೆ. ಲೋಹದ ಟೊಪ್ಪಿಗೆಯ ಬಿಸಿ 107, ಪ್ಲಾಸ್ಟಿಕ್ ಮೈಯ ಬಿಸಿ 147, ಇಂದಿಗೂ ಎಲ್ಲ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಬಿಸಿ 547, ಮತ್ತು ಎಸ್‌ಎಂಡಿ ಬೋರ್ಡುಗಳ ಮೇಲೆ ಕುಳಿತಿರುವ ಬಿಸಿ 847, ಇವು ಒಂದೇ ವಂಶದ ನಾಲ್ಕು ತಲೆಮಾರುಗಳು. ಒಳಗಿನ ಗುಣ ಬಹುಮಟ್ಟಿಗೆ ಅದೇ, ತಾಳಿಕೊಳ್ಳುವ ವೋಲ್ಟೇಜು ಅದೇ 45, ಪ್ರವಾಹ 100 ಮಿಲಿ ಆಂಪಿಯರಿನ ಆಸುಪಾಸು. ಬದಲಾದದ್ದು ಹೊರಗಿನ ಕವಚ. ಇದರಂತೆಯೇ ಬಿಸಿ 557ಕ್ಕೆ ಬಿಸಿ 857, 2ಎನ್ 3904ಕ್ಕೆ ಎಂಎಂಬಿಟಿ 3904, 2ಎನ್ 7000ಕ್ಕೆ 2ಎನ್ 7002 ಚಿಕ್ಕ ಮೈಯ ಜೋಡಿಗಳು. ಹಳೆಯ ಕಾಲದ ರೇಡಿಯೊ ಮೆಕ್ಯಾನಿಕ್‌ಗಳು ಎಸ್‌ಎಂಡಿ ತಮ್ಮ ವಿದ್ಯೆಯಲ್ಲವೆಂದು ಕೈಬಿಡುವುದನ್ನು ಕಂಡಾಗ ನಿಜಕ್ಕೂ ವ್ಯಥೆಯಾಗುತ್ತದೆ; ಅವರು ಬಲ್ಲ ಟ್ರಾನ್ಸಿಸ್ಟರ್‌ಗಳೇ ಆ ಬೋರ್ಡಿನ ಮೇಲೆ ಗುರುತು ಸಿಗದಷ್ಟು ಚಿಕ್ಕದಾಗಿ ಕುಳಿತಿವೆ.

ಹಿಂದಿನ ಟ್ರಾನ್ಸಿಸ್ಟರಿನ ಕಾಲುಗಳು ಬೋರ್ಡಿನ ತೂತುಗಳ ಮೂಲಕ ಹಾದು ಹಿಂಬದಿಯಲ್ಲಿ ಬೆಸೆಯಲ್ಪಡುತ್ತಿದ್ದವು. ಎಸ್‌ಎಂಡಿ ಎಂಬ ಹೆಸರಿಗೆ ಮೂಲವಾದ ಸರ್ಫೇಸ್ ಮೌಂಟ್ ಪದ್ಧತಿಯಲ್ಲಿ ತೂತುಗಳಿಲ್ಲದೆ, ತಾಮ್ರದ ಪುಟ್ಟ ಹಾಸುಗಳ ಮೇಲೆಯೇ ಭಾಗವನ್ನು ಇರಿಸಿ ಬೆಸೆಯಲಾಗುತ್ತದೆ. ಇದಕ್ಕಾಗಿ ರೂಢಿಗೆ ಬಂದ ಕವಚಗಳಲ್ಲಿ ಎಸ್‌ಒಟಿ-23 ಎಂಬುದು ಅತ್ಯಂತ ಸಾಮಾನ್ಯವಾದದ್ದು. ಅದರ ಮೈ ಸುಮಾರು 2.9 ಮಿಲಿಮೀಟರ್ ಉದ್ದ, 1.3 ಮಿಲಿಮೀಟರ್ ಅಗಲ. ಒಂದೇ ಬದಿಯ ಎರಡು ಕಾಲುಗಳ ನಡುವೆ 1.9 ಮಿಲಿಮೀಟರ್ ಅಂತರ. ಅದಕ್ಕಿಂತ ಚಿಕ್ಕದು 2 ಮಿಲಿಮೀಟರ್ ಉದ್ದದ ಎಸ್‌ಒಟಿ-323, ಇನ್ನೂ ಚಿಕ್ಕದು 1.6 ಮಿಲಿಮೀಟರಿನ ಎಸ್‌ಒಟಿ-523. ಹೆಚ್ಚು ಶಾಖ ಹೊರಹಾಕಬೇಕಾದ ಭಾಗಗಳಿಗೆ ಅಗಲವಾದ ಲೋಹದ ನಾಲಿಗೆಯುಳ್ಳ ಎಸ್‌ಒಟಿ-89 ಮತ್ತು ಎಸ್‌ಒಟಿ-223 ಇವೆ. ಎಸ್‌ಒಟಿ-23ರ ಬೆನ್ನ ಮೇಲೆ ‘ಎಂಎಂಬಿಟಿ 3904’ ಎಂಬ ಎಂಟು ಅಕ್ಷರಗಳನ್ನು ಓದುವಂತೆ ಬರೆಯಲು ಜಾಗವಿಲ್ಲದ್ದರಿಂದಲೇ ಸಂಕೇತಾಕ್ಷರಗಳು ಹುಟ್ಟಿಕೊಂಡವು. ಕವಚದ ಅಳತೆಗಳನ್ನು ಉದ್ಯಮವೆಲ್ಲ ಒಪ್ಪಿ ನಿಗದಿ ಮಾಡಿಕೊಂಡಿತು. ಸಂಕೇತಗಳ ವಿಷಯದಲ್ಲಿ ಹಾಗಾಗಲಿಲ್ಲ. ಯಾವ ಅಕ್ಷರ ಯಾವ ಭಾಗಕ್ಕೆ ಎಂದು ದಾಖಲಿಸುವ ಕೇಂದ್ರ ನೋಂದಣಿ ಇಂದಿಗೂ ಇಲ್ಲ.

ಇದರ ಪರಿಣಾಮವನ್ನು ‘1ಎ’ ಎಂಬ ಒಂದೇ ಗುರುತಿನಲ್ಲಿ ಸ್ಪಷ್ಟವಾಗಿ ನೋಡಬಹುದು. ಫಿಲಿಪ್ಸ್ ಕಂಪನಿಯ ಅರೆವಾಹಕ ವಿಭಾಗವಾಗಿದ್ದು ಮುಂದೆ ಎನ್‌ಎಕ್ಸ್‌ಪಿ ಎಂಬ ಹೆಸರು ಪಡೆದು, ಈಗ ಈ ಬಗೆಯ ಬಿಡಿಭಾಗಗಳ ಮಟ್ಟಿಗೆ ನೆಕ್ಸ್‌ಪೀರಿಯಾ ಎನಿಸಿಕೊಂಡಿರುವ ಸಂಸ್ಥೆಯ ದತ್ತಪತ್ರದಲ್ಲಿ, ಅಂದರೆ ರಿಪೇರಿಯವರು ಡೇಟಾಶೀಟ್ ಎನ್ನುವ ತಯಾರಕರ ವಿವರಪತ್ರದಲ್ಲಿ, ಬಿಸಿ 846ಎ ಎಂಬ ಟ್ರಾನ್ಸಿಸ್ಟರಿಗೆ 1ಎ ಎಂಬ ಗುರುತಿದೆ. ಅದೇ ಸಂಸ್ಥೆಯ ಪಿಎಂಬಿಟಿ 3904ಕ್ಕೂ 1ಎ ಎಂದೇ ಗುರುತು. ಇವೆರಡನ್ನೂ ಬೇರ್ಪಡಿಸುವುದು ಮೂರನೆಯ ಒಂದು ಅಕ್ಷರ, ಅದೂ ಅದು ನಿಂತಿರುವ ಸ್ಥಾನ. ಆ ಮೂರನೆಯ ಅಕ್ಷರ ಭಾಗವನ್ನು ಯಾವ ಊರಿನ ಕಾರ್ಖಾನೆ ಮಾಡಿತೆಂಬುದನ್ನು ತಿಳಿಸುತ್ತದೆ: ಚಿಕ್ಕ ‘ಪಿ’ ಇದ್ದರೆ ಹಾಂಗ್‌ಕಾಂಗ್, ಚಿಕ್ಕ ‘ಟಿ’ ಇದ್ದರೆ ಮಲೇಷ್ಯಾ, ದೊಡ್ಡ ‘ಡಬ್ಲ್ಯು’ ಇದ್ದರೆ ಚೀನಾ. ಈ ಊರಿನಕ್ಷರ 1ಎ ಎಂಬುದರ ಹಿಂದೆ ಬಂದರೆ ಅದು 3904, ಮುಂದೆ ಬಂದರೆ 846ಎ. ‘ಟಿ1ಎ’ ಮತ್ತು ‘1ಎಟಿ’ ಎಂಬ ಎರಡು ಬರಹಗಳ ನಡುವಿನ ವ್ಯತ್ಯಾಸ ಭೂತಗನ್ನಡಿಯ ಕೆಳಗೂ ಅವಸರದ ಕಣ್ಣಿಗೆ ಕಾಣದಷ್ಟು ಸಣ್ಣದು; ಆದರೆ ಒಂದು 65 ವೋಲ್ಟ್ ತಾಳಿ 100 ಮಿಲಿ ಆಂಪಿಯರ್ ಸಾಗಿಸುವ ಟ್ರಾನ್ಸಿಸ್ಟರ್, ಇನ್ನೊಂದು 40 ವೋಲ್ಟ್ ತಾಳಿ 200 ಮಿಲಿ ಆಂಪಿಯರ್ ಸಾಗಿಸುವಂಥದ್ದು. ಇದೇ 3904ಕ್ಕೆ ಆನ್‌ಸೆಮಿ ಸಂಸ್ಥೆ ‘1ಎಎಂ’ ಎಂದೂ, ಡಯೋಡ್ಸ್ ಇನ್‌ಕಾರ್ಪೊರೇಟೆಡ್ ಸಂಸ್ಥೆ ‘ಕೆ1ಎನ್’ ಎಂದೂ ಬರೆಯುತ್ತವೆ. ಹೀಗೆ ಒಂದು ಗುರುತಿಗೆ ಹಲವು ಭಾಗಗಳು, ಒಂದು ಭಾಗಕ್ಕೆ ಹಲವು ಗುರುತುಗಳು. ಇವುಗಳ ಜೊತೆಗೆ ತಯಾರಾದ ವರ್ಷ ಅಥವಾ ತಿಂಗಳನ್ನು ಸೂಚಿಸಲು ಸೇರಿಸುವ ಅಕ್ಷರ, ಅಕ್ಷರದ ಮೇಲೋ ಕೆಳಗೋ ಎಳೆಯುವ ಗೆರೆ, ಮಗ್ಗುಲಾಗಿ ಮುದ್ರಿಸಿದ ಚಿಕ್ಕ ಅಂಕಿ ಇವೂ ಬೆರೆತಾಗ, ಭಾಗದ ಗುರುತು ಎಲ್ಲಿ ಮುಗಿದು ತಾರೀಖು ಎಲ್ಲಿ ಆರಂಭವಾಯಿತೆಂಬುದೇ ಒಂದು ಪ್ರಶ್ನೆಯಾಗುತ್ತದೆ.

ಬರಹವನ್ನು ನೆಟ್ಟಗೆ ಹಿಡಿಯುವುದೂ ಕಲಿಯಬೇಕಾದ ಸಂಗತಿ. ಎರಡು ಕಾಲಿರುವ ಬದಿ ಕೆಳಗೆ, ಒಂದು ಕಾಲಿರುವ ಬದಿ ಮೇಲೆ ಬರುವಂತೆ ಹಿಡಿದಾಗ ಸಾಮಾನ್ಯವಾಗಿ ಅಕ್ಷರಗಳು ಸರಿಯಾಗಿ ಕಾಣುತ್ತವೆ. ಆಗ ಕೆಳಗಿನ ಎಡಗಾಲು 1, ಬಲಗಾಲು 2, ಮೇಲಿನ ಒಂಟಿ ಕಾಲು 3 ಎಂದು ಲೆಕ್ಕ. ಲೇಸರಿನಿಂದ ಕೊರೆದ ಅಕ್ಷರಗಳು ನೇರ ಬೆಳಕಿನಲ್ಲಿ ಮಾಯವಾಗಿ ಓರೆ ಬೆಳಕಿನಲ್ಲಿ ಎದ್ದು ಕಾಣುವುದರಿಂದ, ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ದೀಪವನ್ನು ಪಕ್ಕದಿಂದ ಹಿಡಿದು, ಮೊಬೈಲ್ ಕ್ಯಾಮರಾದಿಂದ ಹತ್ತಿರದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡುವುದು ಈಗ ಎಲ್ಲೆಡೆ ರೂಢಿಯಲ್ಲಿದೆ.

ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಮತ್ತೆಮತ್ತೆ ಎದುರಾಗುವ ಗುರುತುಗಳು ಅಷ್ಟೇನೂ ಹೆಚ್ಚಿಲ್ಲ. ಚೀನಾದಲ್ಲಿ ತಯಾರಾದ ಬೋರ್ಡುಗಳ ಮೇಲೆ ‘ಜೆ3ವೈ’ ಎಂದಿದ್ದರೆ ಅದು ಬಹುತೇಕ ಎಸ್ 8050, ಅದರ ಪಿಎನ್‌ಪಿ ಜೋಡಿ ಎಸ್ 8550ರ ಮೇಲೆ ‘2ಟಿವೈ’. ‘ವೈ1’ ಮತ್ತು ‘ವೈ2’ ಎಂದಿದ್ದರೆ 1.5 ಆಂಪಿಯರ್ ಸಾಗಿಸಬಲ್ಲ ಎಸ್‌ಎಸ್ 8050 ಮತ್ತು ಎಸ್‌ಎಸ್ 8550. ‘ಜೆ6’ ಎಂದರೆ ಎಸ್ 9014. ಐರೋಪ್ಯ ವಂಶದಲ್ಲಿ ‘1ಎಫ್’ ಬಿಸಿ 847ಬಿ, ‘3ಎಫ್’ ಬಿಸಿ 857ಬಿ, ‘6ಸಿ’ ಬಿಸಿ 817-40, ‘5ಸಿ’ ಬಿಸಿ 807-40. ಈ ವಂಶದ ಗುರುತುಗಳಲ್ಲಿ ಒಂದು ಒಳಕ್ರಮವಿದೆ: 1ಇ, 1ಎಫ್, 1ಜಿ ಎಂಬ ಮೂರು ಗುರುತುಗಳು 847ರದೇ ಎ, ಬಿ, ಸಿ ಎಂಬ ಗುಂಪುಗಳನ್ನು ಸೂಚಿಸುತ್ತವೆ. ಗುಂಪೆಂದರೆ ಪ್ರವಾಹ ವರ್ಧನೆಯ ಮಟ್ಟ. ಬೇಸ್ ಎಂಬ ತುದಿಗೆ ಕೊಟ್ಟ ಪ್ರವಾಹದ ಎಷ್ಟು ಪಟ್ಟು ಕಲೆಕ್ಟರ್ ಎಂಬ ತುದಿಯಲ್ಲಿ ಹರಿಯುತ್ತದೆಂಬ ಈ ಅಂಕಿ ಎ ಗುಂಪಿನಲ್ಲಿ 110ರಿಂದ 220, ಬಿ ಗುಂಪಿನಲ್ಲಿ 200ರಿಂದ 450, ಸಿ ಗುಂಪಿನಲ್ಲಿ 420ರಿಂದ 800. ಹಳೆಯ ಬಿಸಿ 547ಬಿಯನ್ನು ಬಲ್ಲವರಿಗೆ ಈ ಅಂಕಿಗಳು ಹೊಸವಲ್ಲ.

ಮೂರು ಕಾಲಿನದೆಲ್ಲ ಟ್ರಾನ್ಸಿಸ್ಟರ್ ಎಂದುಕೊಳ್ಳುವುದು ಕಲಿಯುವವರು ಮೊದಲು ಎಡವುವ ಜಾಗ. ‘662ಕೆ’ ಎಂಬ ಗುರುತಿನ ಭಾಗ ಎಕ್ಸ್‌ಸಿ 6206 ಎಂಬ 3.3 ವೋಲ್ಟಿನ ರೆಗ್ಯುಲೇಟರ್, ಅಂದರೆ ಏರಿಳಿಯುವ ವೋಲ್ಟೇಜನ್ನು ಸ್ಥಿರಗೊಳಿಸುವ ಐಸಿ. ‘431’ ಎಂದರೆ ಸುಮಾರು 2.5 ವೋಲ್ಟಿನ ಆಧಾರವನ್ನು ತನ್ನೊಳಗೆ ಇಟ್ಟುಕೊಂಡಿರುವ ಟಿಎಲ್ 431. ಚಾರ್ಜರ್‌ಗಳ ವಿದ್ಯುತ್ ಪೂರೈಕೆ ಬೋರ್ಡುಗಳಲ್ಲಿ ಆಪ್ಟೊ ಕಪ್ಲರಿನ ಪಕ್ಕದಲ್ಲಿ ಅದು ಕುಳಿತಿರುತ್ತದೆ. ಈ 431ರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ಬೇರೆ ಬೇರೆ ತಯಾರಕರು ಕ್ಯಾಥೋಡ್ ಮತ್ತು ರೆಫರೆನ್ಸ್ ಕಾಲುಗಳನ್ನು ಅದಲುಬದಲು ಮಾಡಿದ್ದಾರೆ. ಗುರುತೂ ಕವಚವೂ ಒಂದೇ ಆಗಿದ್ದರೂ ಹೊಸದು ಕೆಲಸ ಮಾಡದಿರಬಹುದು. ‘ಎ7’ ಎಂಬುದು ಬಿಎವಿ 99, ‘ಎ4’ ಬಿಎವಿ 70, ‘ಎ1’ ಬಿಎಡಬ್ಲ್ಯು 56. ಮೂರೂ ಒಂದೇ ಕವಚದೊಳಗೆ ಎರಡೆರಡು ಡಯೋಡುಗಳನ್ನು ಹೊತ್ತ ಭಾಗಗಳು.

ಗುರುತು ಎರಡು ಮೂರು ಸಾಧ್ಯತೆಗಳನ್ನು ಮುಂದಿಟ್ಟಾಗ ಮಲ್ಟಿಮೀಟರು ಮಾತಾಡಬೇಕು. ಸಾಧಾರಣ ಬೈಪೋಲಾರ್ ಟ್ರಾನ್ಸಿಸ್ಟರಿನಲ್ಲಿ ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ತುದಿಗಳಿದ್ದು, ಬೇಸ್ ಉಳಿದೆರಡರ ಜೊತೆ ಒಂದೊಂದು ಡಯೋಡಿನಂತೆ ವರ್ತಿಸುತ್ತದೆ. ಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ, ಕೆಂಪು ಕಡ್ಡಿಯನ್ನು ಒಂದು ಕಾಲಿಗೆ ಇಟ್ಟು ಕಪ್ಪನ್ನು ಉಳಿದೆರಡಕ್ಕೆ ಒಂದಾದ ಮೇಲೊಂದರಂತೆ ಮುಟ್ಟಿಸಿದಾಗ ಎರಡೂ ಸಲ 0.6ರಿಂದ 0.7 ವೋಲ್ಟ್ ತೋರಿದರೆ ಅದು ಎನ್‌ಪಿಎನ್, ಕೆಂಪಿರುವ ಕಾಲೇ ಬೇಸ್. ಕಪ್ಪು ಕಡ್ಡಿ ಸ್ಥಿರವಾಗಿದ್ದು ಕೆಂಪು ಸರಿದಾಡಿದಾಗ ಹಾಗೆ ತೋರಿದರೆ ಪಿಎನ್‌ಪಿ. ಉಳಿದ ಎರಡರಲ್ಲಿ ಕೊಂಚ ಹೆಚ್ಚಿನ ಅಂಕಿ ಕೊಡುವುದು ಎಮಿಟರ್. ಆ ವ್ಯತ್ಯಾಸ ಕೆಲವೇ ಮಿಲಿ ವೋಲ್ಟುಗಳಷ್ಟಾದ್ದರಿಂದ ನಂಬಿಕೆ ಸಾಲದಿದ್ದಾಗ ಇನ್ನೊಂದು ದಾರಿಯಿದೆ: 10 ಕಿಲೊ ಓಮಿನ ರೆಸಿಸ್ಟರ್ ಮೂಲಕ 12 ವೋಲ್ಟನ್ನು ಹಿಮ್ಮುಖವಾಗಿ ಕೊಟ್ಟು ನೋಡಿದರೆ, ಎಮಿಟರ್ ಮತ್ತು ಬೇಸ್ ನಡುವಿನ ಸಂಧಿ 6ರಿಂದ 9 ವೋಲ್ಟಿನ ಸುಮಾರಿಗೆ ಬಿಟ್ಟುಕೊಡುತ್ತದೆ, ಕಲೆಕ್ಟರಿನದು ಅಲುಗಾಡದೆ ತಡೆಯುತ್ತದೆ. ಎಮಿಟರಿನಲ್ಲಿ ಬೆರೆಸಿದ ಕಲ್ಮಶದ್ರವ್ಯದ ಸಾಂದ್ರತೆ ಬಹಳ ಹೆಚ್ಚಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಹೀಗೆ ಪದೇಪದೇ ಮಾಡಿದರೆ ಟ್ರಾನ್ಸಿಸ್ಟರಿನ ವರ್ಧನೆ ಕುಗ್ಗುವುದರಿಂದ ಪರೀಕ್ಷೆಗೆ ಒಳಪಡಿಸಿದ ಭಾಗವನ್ನು ಮತ್ತೆ ಬೋರ್ಡಿಗೆ ಹಾಕದಿರುವುದು ಒಳ್ಳೆಯದು.

ಡಯೋಡ್ ಪರೀಕ್ಷೆಯೊಂದನ್ನೇ ನಂಬುವುದರಲ್ಲೂ ಅಪಾಯವಿದೆ. ಬಿಎಡಬ್ಲ್ಯು 56ರಲ್ಲಿ ಎರಡು ಡಯೋಡುಗಳ ಆನೋಡುಗಳು ಒಂದೇ ಕಾಲಿಗೆ ಸೇರಿರುವುದರಿಂದ ಮೀಟರಿನ ಕಣ್ಣಿಗೆ ಅದು ಎನ್‌ಪಿಎನ್ ಟ್ರಾನ್ಸಿಸ್ಟರಿನಂತೆಯೂ, ಕ್ಯಾಥೋಡುಗಳು ಕೂಡಿರುವ ಬಿಎವಿ 70 ಪಿಎನ್‌ಪಿಯಂತೆಯೂ ಕಾಣುತ್ತದೆ. ಬೇರ್ಪಡಿಸುವ ಸುಳಿವು ಕಾಲಿನ ಸ್ಥಾನದಲ್ಲಿದೆ: ಜೋಡಿ ಡಯೋಡಿನಲ್ಲಿ ಕೂಡುವ ತುದಿ ಮೇಲಿನ ಒಂಟಿ ಕಾಲಾದರೆ, ಎಸ್‌ಒಟಿ-23 ಟ್ರಾನ್ಸಿಸ್ಟರಿನಲ್ಲಿ ಬೇಸ್ ಸಾಮಾನ್ಯವಾಗಿ 1ನೆಯ ಕಾಲು, ಎಮಿಟರ್ 2, ಕಲೆಕ್ಟರ್ 3. ಇದಕ್ಕೂ ಅಪವಾದಗಳಿವೆ, ಕೆಲವು ಟ್ರಾನ್ಸಿಸ್ಟರ್‌ಗಳ ಹೆಸರಿನ ಕೊನೆಗೆ ‘ಆರ್’ ಎಂದು ಸೇರಿಸಿ ಬೇಸ್ ಮತ್ತು ಎಮಿಟರುಗಳನ್ನು ತಿರುವುಮುರುವಾಗಿ ಇಟ್ಟದ್ದುಂಟು. ಮಾಸ್‌ಫೆಟ್ ಎಂಬ ಇನ್ನೊಂದು ಬಗೆಯ ಟ್ರಾನ್ಸಿಸ್ಟರಿನಲ್ಲಿ ಗೇಟ್, ಸೋರ್ಸ್, ಡ್ರೇನ್ ಎಂಬ ತುದಿಗಳಿದ್ದು, ಗೇಟು ಉಳಿದೆರಡರಿಂದ ಗಾಜಿನಂಥ ತೆಳು ಪದರದಿಂದ ಬೇರ್ಪಟ್ಟಿರುವುದರಿಂದ ಆ ಕಾಲಿನಿಂದ ಯಾವ ಕಡೆಗೂ ಮೀಟರು ಏನನ್ನೂ ತೋರುವುದಿಲ್ಲ. ಸೋರ್ಸ್ ಮತ್ತು ಡ್ರೇನ್ ನಡುವೆ ಮಾತ್ರ ಒಂದು ದಿಕ್ಕಿನ ಡಯೋಡು ಕಾಣುತ್ತದೆ. ‘702’ ಅಥವಾ ‘7002’ ಎಂಬ ಗುರುತಿನ 2ಎನ್ 7002ರಲ್ಲಿ ಕಪ್ಪು ಕಡ್ಡಿಯನ್ನು ಸೋರ್ಸಿಗೆ ಇಟ್ಟು ಕೆಂಪನ್ನು ಒಂದು ಕ್ಷಣ ಗೇಟಿಗೆ ಮುಟ್ಟಿಸಿ ಡ್ರೇನಿಗೆ ಒಯ್ದರೆ, ಗೇಟಿನಲ್ಲಿ ಉಳಿದ ಆವೇಶದಿಂದಾಗಿ ಮುಚ್ಚಿದ್ದ ದಾರಿ ತೆರೆದುಕೊಂಡದ್ದು ಅಂಕಿಯಲ್ಲಿ ತಿಳಿಯುತ್ತದೆ.

ಡಿಜಿಟಲ್ ಟ್ರಾನ್ಸಿಸ್ಟರ್ ಎಂದು ಕರೆಯುವ ಬಗೆ ಇವೆಲ್ಲಕ್ಕಿಂತ ಹೆಚ್ಚು ಮೋಸಗೊಳಿಸುತ್ತದೆ. ರೋಮ್ ಸಂಸ್ಥೆಯ ಡಿಟಿಸಿ 114ಇ ಎಂಬುದರ ಒಳಗೆ ಬೇಸಿನ ದಾರಿಯಲ್ಲಿ 10 ಕಿಲೊ ಓಮಿನ ಒಂದು ರೆಸಿಸ್ಟರ್, ಬೇಸ್ ಮತ್ತು ಎಮಿಟರ್ ನಡುವೆ ಅಷ್ಟೇ ಮೌಲ್ಯದ ಇನ್ನೊಂದು ರೆಸಿಸ್ಟರ್ ಇದ್ದು, ಬೆನ್ನ ಮೇಲೆ ‘24’ ಎಂದಷ್ಟೇ ಇರುತ್ತದೆ. ಡಯೋಡ್ ಸ್ಥಾನದಲ್ಲಿ ಅಳೆದರೆ ಮೀಟರು ಏನೂ ಇಲ್ಲವೆಂಬಂತೆ ತೋರಿಸುವುದರಿಂದ ಚೆನ್ನಾಗಿರುವ ಭಾಗವನ್ನೇ ಸತ್ತಿದೆಯೆಂದು ಕಿತ್ತೆಸೆಯುವ ಸಂಭವವಿದೆ. ಮೀಟರನ್ನು ಓಮಿಗೆ ತಿರುಗಿಸಿ 1 ಮತ್ತು 2ನೆಯ ಕಾಲುಗಳ ನಡುವೆ ಅಳೆದಾಗ ಎರಡೂ ದಿಕ್ಕಿನಲ್ಲಿ 20 ಕಿಲೊ ಓಮಿನ ಸುಮಾರು ಬಂದರೆ ಒಳಗೆ ರೆಸಿಸ್ಟರುಗಳಿವೆಯೆಂದು ತಿಳಿಯಬೇಕು.

ಇನ್ನು ಬೋರ್ಡಿನ ಸಾಕ್ಷ್ಯ. ಗುರುತು ಅಳಿಸಿಹೋದಾಗ, ಭಾಗ ಸುಟ್ಟು ಕರಿದಾಗ, ಅಳೆಯಲು ಏನೂ ಉಳಿಯದಿದ್ದಾಗ ಕೊನೆಗೆ ಕೈಹಿಡಿಯುವುದು ಇದೊಂದೇ. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರಿನಲ್ಲಿ ರಿಲೇಯನ್ನು ಎಳೆಯುವ ಟ್ರಾನ್ಸಿಸ್ಟರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೈಕ್ರೊಕಂಟ್ರೋಲರಿನ ಒಂದು ಕಾಲಿನಿಂದ ಹೊರಟ ತಾಮ್ರದ ಗೆರೆ 1 ಕಿಲೊ ಓಮಿನ ರೆಸಿಸ್ಟರ್ ದಾಟಿ ಟ್ರಾನ್ಸಿಸ್ಟರಿನ 1ನೆಯ ಕಾಲಿಗೆ ಬರುತ್ತದೆ. 2ನೆಯ ಕಾಲು ಬೋರ್ಡಿನ ಅಂಚಿನುದ್ದಕ್ಕೂ ಹರಡಿರುವ ಅಗಲವಾದ ಗ್ರೌಂಡ್ ತಾಮ್ರಕ್ಕೆ ಸೇರಿರುತ್ತದೆ. 3ನೆಯದು ರಿಲೇಯ ಸುರುಳಿಗೆ, ಸುರುಳಿಯ ಇನ್ನೊಂದು ತುದಿ 12 ವೋಲ್ಟಿಗೆ. ಸುರುಳಿಗೆ ಅಡ್ಡಲಾಗಿ ಒಂದು ಡಯೋಡು. ಇಷ್ಟನ್ನು ಗೆರೆ ಹಿಡಿದು ನೋಡಿದ ಮೇಲೆ ಅಕ್ಷರವನ್ನು ಓದದೆಯೇ ಹಲವು ವಿಷಯಗಳು ಖಚಿತವಾಗುತ್ತವೆ. 2ನೆಯ ಕಾಲು ಗ್ರೌಂಡಿಗೆ ಸೇರಿರುವುದರಿಂದ ಅದು ಎನ್‌ಪಿಎನ್ ಅಥವಾ ಎನ್ ಚಾನೆಲ್ ಮಾಸ್‌ಫೆಟ್. ಅದೇ ಕಾಲು ಧನ ವೋಲ್ಟಿಗೆ ಸೇರಿದ್ದರೆ ಪಿಎನ್‌ಪಿ ಅಥವಾ ಪಿ ಚಾನೆಲ್ ಆಗಿರುತ್ತಿತ್ತು. ಬೋರ್ಡಿನಲ್ಲಿ ಅದೇ ಕೆಲಸದ ಇನ್ನೊಂದು ಟ್ರಾನ್ಸಿಸ್ಟರ್ ಸರಿಯಾಗಿ ನಡೆಯುತ್ತಿದ್ದರೆ, ರಿಲೇ ಎಳೆದಾಗ ಅದರ 1ನೆಯ ಕಾಲಿನ ವೋಲ್ಟೇಜನ್ನು ಅಳೆದರೆ ಉಳಿದ ಸಂಶಯವೂ ತೀರುತ್ತದೆ: 0.7ರ ಸುಮಾರಿಗೆ ನಿಂತರೆ ಅದು ಬೇಸ್, ಕಂಟ್ರೋಲರಿನ ಪೂರ್ಣ 3.3 ವೋಲ್ಟಿಗೆ ಏರಿದರೆ ಅದು ಗೇಟ್.

ಪ್ರವಾಹದ ಲೆಕ್ಕವೂ ಅಲ್ಲೇ ಸಿಗುತ್ತದೆ. ಇಂಥ ಬೋರ್ಡುಗಳಲ್ಲಿ ಸಾಮಾನ್ಯವಾದ 12 ವೋಲ್ಟಿನ ಚಿಕ್ಕ ರಿಲೇಯ ಸುರುಳಿ ಸುಮಾರು 400 ಓಮ್. ಆದ್ದರಿಂದ ಹರಿಯುವುದು 30 ಮಿಲಿ ಆಂಪಿಯರ್. ಬೇಸಿಗೆ 3.3ರಲ್ಲಿ 0.7 ಕಳೆದು ಉಳಿದ 2.6 ವೋಲ್ಟ್ 1 ಕಿಲೊ ಓಮಿನ ಮೂಲಕ ಬರುವುದರಿಂದ 2.6 ಮಿಲಿ ಆಂಪಿಯರ್ ಸಿಗುತ್ತದೆ, ಅಂದರೆ ಹನ್ನೆರಡು ಪಟ್ಟು ವರ್ಧಿಸಿದರೂ ಕೆಲಸ ನಡೆಯುತ್ತದೆ. ಹೀಗಿರುವಾಗ ಸುಟ್ಟುಹೋದದ್ದು ಬಿಸಿ 846ಎ ಆಗಿತ್ತೋ 3904 ಆಗಿತ್ತೋ ಎಂಬ ವಾದಕ್ಕೆ ಅರ್ಥವೇ ಉಳಿಯುವುದಿಲ್ಲ. ಬಿಸಿ 847, 3904, ಎಸ್ 8050, ಬಿಸಿ 817 ಇವುಗಳಲ್ಲಿ ಯಾವುದನ್ನು ಕೂರಿಸಿದರೂ, ಕಾಲುಗಳ ಕ್ರಮ ಒಂದೇ ಆಗಿರುವುದರಿಂದ, ರಿಲೇ ಎಳೆಯುತ್ತದೆ. ಆದರೆ ಸುರುಳಿಗೆ ಅಡ್ಡಲಾಗಿರುವ ಡಯೋಡನ್ನು ಪರೀಕ್ಷಿಸದೆ ಹೊಸ ಟ್ರಾನ್ಸಿಸ್ಟರ್ ಹಾಕಬಾರದು. ರಿಲೇ ಬಿಡುವಾಗ ಸುರುಳಿಯಲ್ಲಿ ಕೂಡಿದ್ದ ಶಕ್ತಿ ನೂರಾರು ವೋಲ್ಟುಗಳ ಹೊಡೆತವಾಗಿ ಹೊರಬರುತ್ತದೆ. ಅದನ್ನು ಹೀರಿಕೊಳ್ಳಬೇಕಾದ ಡಯೋಡು ತುಂಡಾಗಿದ್ದರೆ, ಟ್ರಾನ್ಸಿಸ್ಟರ್ ಎಷ್ಟೇ ಸರಿಯಾದದ್ದಾಗಿದ್ದರೂ ಬಹುಕಾಲ ಬದುಕುವುದಿಲ್ಲ. ಒಂದೇ ಬೋರ್ಡು ಅದೇ ದೂರಿನೊಂದಿಗೆ ಎರಡನೆಯ ಸಲ ಅಂಗಡಿಗೆ ಬಂದಾಗ ಮೊದಲು ನೋಡಬೇಕಾದದ್ದು ಅದನ್ನೇ. ಇಂಥ ಅಳತೆಗಳನ್ನು ಸ್ಟಾರ್ಟರಿನ 415 ವೋಲ್ಟಿನ ಸಂಪರ್ಕವನ್ನು ಪೂರ್ತಿ ಕಳಚಿ, ಬೋರ್ಡಿಗೆ ಬೇರೆಯೇ 12 ವೋಲ್ಟ್ ಕೊಟ್ಟು ಮಾಡಬೇಕೆಂಬುದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಎಲ್ಲ ಜಾಗಗಳಲ್ಲೂ ಇಷ್ಟು ಸಡಿಲಿಕೆ ಇಲ್ಲ. ತಕ್ಕಡಿಯ ತೂಕದ ಸಂವೇದಕದಿಂದ ಬರುವ ಅತಿ ಸಣ್ಣ ಸಂಕೇತವನ್ನು ವರ್ಧಿಸುವ ಜಾಗದಲ್ಲಿ ಗುಂಪಿನ ಅಕ್ಷರವೂ ಮುಖ್ಯವಾಗುತ್ತದೆ, ರೇಡಿಯೊ ಆವರ್ತನದ ಭಾಗದಲ್ಲಿ ಒಳಗಿನ ಧಾರಕತೆಯೂ ಲೆಕ್ಕಕ್ಕೆ ಬರುತ್ತದೆ, ಬ್ಯಾಟರಿಯ ದಾರಿಯಲ್ಲಿರುವ ಮಾಸ್‌ಫೆಟ್ಟಿನಲ್ಲಿ ತೆರೆದಾಗಿನ ರೋಧ ಕೊಂಚ ಹೆಚ್ಚಾದರೂ ಬಿಸಿಯೇರಿ ಸುಡುತ್ತದೆ. ಅಂಥಲ್ಲಿ ತಯಾರಕರ ನಕ್ಷೆಯೇ ಬೇಕು, ಆದರೆ ಅದು ತಾಲೂಕು ಕೇಂದ್ರದ ಅಂಗಡಿಗೆ ಸಿಗುವುದು ಅಪರೂಪ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿದಾಗ ಅದರ ವ್ಯಾಪ್ತಿಗೆ ಕೃಷಿ ಉಪಕರಣಗಳನ್ನೂ ಸೇರಿಸಿತ್ತು. ಕೊಳವೆ ಬಾವಿಯ ಸ್ಟಾರ್ಟರಿನ ಒಂದು ಪುಟದ ಮಂಡಲ ನಕ್ಷೆ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಅಂಟಿಸಿದ್ದರೆ ಆ ಚೌಕಟ್ಟಿನ ಬಹುಪಾಲು ಉದ್ದೇಶ ಈ ಸೀಮೆಯಲ್ಲಿ ಈಡೇರುತ್ತಿತ್ತು. ಹಿಂದಿನ ಕಾಲದ ರೇಡಿಯೊಗಳ ಒಳಗೆ ಅಂಥ ನಕ್ಷೆ ಅಂಟಿಸುವ ರೂಢಿ ಇದ್ದೇ ಇತ್ತು.

ಬಿಡಿಭಾಗ ಕೊಳ್ಳಲು ಈ ಭಾಗದವರು ಬಹುಕಾಲದಿಂದ ನೆಚ್ಚಿಕೊಂಡಿರುವುದು ಬೆಂಗಳೂರಿನ ಎಸ್‌.ಪಿ. ರಸ್ತೆಯನ್ನು, ಅಂದರೆ ಸಾದರ ಪತ್ರಪ್ಪ ರಸ್ತೆಯನ್ನು. ಅಲ್ಲಿ ಎಸ್‌ಎಂಡಿ ಟ್ರಾನ್ಸಿಸ್ಟರ್‌ಗಳು ಕಾಗದ ಅಥವಾ ಪ್ಲಾಸ್ಟಿಕ್ ಪಟ್ಟಿಯಲ್ಲಿ ಸಾಲಾಗಿ ಕುಳಿತು ಸುರುಳಿಯಲ್ಲೋ, ಕತ್ತರಿಸಿದ ತುಂಡುಗಳಲ್ಲೋ ಸಿಗುತ್ತವೆ. ಗುರುತನ್ನು ಹೇಳಿ ಕೇಳುವುದಕ್ಕಿಂತ ಪೂರ್ಣ ಹೆಸರನ್ನು ಹೇಳಿ ಕೇಳುವುದು ಕ್ಷೇಮ, ತಂದ ಪಟ್ಟಿಯಿಂದ ಒಂದನ್ನು ತೆಗೆದು ಅಳೆದ ಮೇಲೆಯೇ ಉಳಿದವನ್ನು ಬಳಸುವುದು ಇನ್ನೂ ಕ್ಷೇಮ. ಬೆಲೆಬಾಳುವ ಮಾಸ್‌ಫೆಟ್ಟುಗಳಲ್ಲಿ ಅಗ್ಗದ ಭಾಗದ ಬೆನ್ನನ್ನು ಉಜ್ಜಿ ಬೇರೆ ಗುರುತು ಅಚ್ಚೊತ್ತಿ ಮಾರುವುದು ಜಗತ್ತಿನ ಎಲ್ಲ ಮಾರುಕಟ್ಟೆಗಳಲ್ಲೂ ಇರುವ ಪಿಡುಗು.

ತುಮಕೂರಿಗೆ ಸೂಕ್ಷ್ಮ ಕೈಗೆಲಸ ಹೊಸದಲ್ಲ. 1978ರಲ್ಲಿ ಇಲ್ಲಿ ಆರಂಭವಾದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಭೂತಗನ್ನಡಿ ಮತ್ತು ಚಿಮಟದ ನಡುವೆ ಬದುಕು ಕಟ್ಟಿಕೊಂಡ ಒಂದು ತಲೆಮಾರನ್ನು ಬೆಳೆಸಿತು. 1963ರಿಂದ ನಡೆಯುತ್ತಿರುವ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ, ಜಿಲ್ಲೆಯ ಪಾಲಿಟೆಕ್ನಿಕ್ ಮತ್ತು ಐಟಿಐಗಳೂ ಇವೆ. ಕೋರ ಹೋಬಳಿಯಲ್ಲೇ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದಿದೆ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಇಷ್ಟೆಲ್ಲ ಇರುವ ಸೀಮೆಯಲ್ಲಿ ಪಂಪ್‌ಸೆಟ್ ಬೋರ್ಡು ಸರಿಮಾಡುವ ಹುಡುಗರು ಎರಡಕ್ಷರದ ಗುರುತಿನ ಮುಂದೆ ಒಂಟಿಯಾಗಿ ನಿಲ್ಲಬೇಕಾಗಿ ಬಂದಿರುವುದು ಸಲ್ಲದ ಸಂಗತಿ. ಪ್ರಯೋಗಾಲಯದ ಮೇಜಿನ ಮೇಲೆ ಎಸ್‌ಎಲ್ 100ರ ಪಕ್ಕದಲ್ಲಿ ಒಂದು ಬಿಸಿ 847ನ್ನೂ, ಕೆಟ್ಟ ಸ್ಟಾರ್ಟರಿನ ಒಂದು ಬೋರ್ಡನ್ನೂ ಇಟ್ಟು ಗೆರೆ ಹಿಡಿಯಲು ಕಲಿಸುವುದಕ್ಕೆ ಹೆಚ್ಚಿನ ಹಣವೇನೂ ಬೇಕಿಲ್ಲ.

ಅಂಗಡಿಯ ಮಟ್ಟದಲ್ಲಿ ಇದಕ್ಕಿಂತಲೂ ಸರಳವಾದ ಸಾಧನ ಒಂದು ಪುಸ್ತಕ. ಹಾಟ್ ಏರ್ ಬಿಸಿ ತಾಗಿದ ಮೇಲೆ ಅಕ್ಷರಗಳು ಮಾಸಬಹುದು, ಕಿತ್ತ ಭಾಗ ಮೇಜಿನಿಂದ ಹಾರಿ ಕಾಣೆಯಾಗಲೂಬಹುದು. ಆದ್ದರಿಂದ ಬೆಸುಗೆ ಬಿಚ್ಚುವ ಮೊದಲೇ ಗುರುತು, ಕವಚದ ಅಳತೆ, ಮೂರು ಕಾಲುಗಳೂ ಎಲ್ಲೆಲ್ಲಿ ಸೇರಿವೆ ಎಂಬುದು, ಸುತ್ತಲಿನ ರೆಸಿಸ್ಟರ್ ಮತ್ತು ಡಯೋಡು, ಆಮೇಲೆ ಹಾಕಿದ ಹೊಸ ಭಾಗದ ಪೂರ್ಣ ಹೆಸರು, ಬೋರ್ಡು ಮತ್ತೆ ಬಂತೋ ಇಲ್ಲವೋ ಎಂಬುದು, ಇಷ್ಟನ್ನು ಒಂದೊಂದು ಸಾಲಿನಲ್ಲಿ ಬರೆದಿಡಬೇಕು. ‘1ಎ, ಎಸ್‌ಒಟಿ-23, 2ನೆಯ ಕಾಲು ಗ್ರೌಂಡ್, 12 ವೋಲ್ಟ್ ರಿಲೇ, ಬಿಸಿ 846 ಹಾಕಿದೆ, ಡಯೋಡೂ ಬದಲಾಯಿಸಿದೆ’ ಎಂಬ ಸಾಲು ಅದೇ ಕಂಪನಿಯ ಅದೇ ಮಾದರಿಯ ಮುಂದಿನ ಬೋರ್ಡು ಬಂದಾಗ ಯಾವ ದಪ್ಪ ಸಂಕೇತಕೋಶಕ್ಕಿಂತಲೂ ಬೇಗ ಉತ್ತರ ಕೊಡುತ್ತದೆ. ಮಳೆಗಾಲದ ಮೊದಲ ಸಿಡಿಲುಗಳ ಮರುವಾರ ಕೋರದ ಸುತ್ತಲಿನ ತೋಟಗಳಿಂದ ಒಂದೇ ಮಾದರಿಯ ಹಲವು ಸ್ಟಾರ್ಟರುಗಳು ಒಟ್ಟಿಗೆ ಬಂದು ಮೇಜಿನ ಮೇಲೆ ಸಾಲುಗಟ್ಟಿದರೆ, ಅವುಗಳಲ್ಲಿ ಮೊದಲನೆಯದರ ಮೇಲಷ್ಟೇ ಹೊತ್ತು ಕಳೆಯಬೇಕಾಗುತ್ತದೆ.